ಒಲೆ ಒಂದು, ಬಾಗಿಲು ಎರಡು

ಅಗಸಿ ಬೀಜ ಹುರಿದು ಒರಳಿಗೆ ಹಾಕಿ ಚಟ್ನಿಯ ಹಿಂಡಿ ಕುಟ್ಟುತ್ತಿದ್ದೆ. ನಮ್ಮ ಯಜಮಾನರು ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತರು. ಅವರು ಅಲ್ಲಿಗೆ ಬಂದರೆಂದರೆ ಹಸಿವೆಯಾಗಿರಬೇಕು, ಇಲ್ಲ ಏನೋ ತಪ್ಪು ಮಾಡಿರಬೇಕು. ಊಟ ಮುಗಿದು ಅರ್ಧ ತಾಸೂ ಆಗಿರಲಿಲ್ಲ.

"ಸೋಮವಾರ ಇಳಕಲ್ಲಿಂದ ಅಕ್ಕ, ಮಾಮಾ ಬರ್ತಾರ. ಬನಶಂಕರಿಗೆ ಹೋಗೂದಂತ."

"ಬರ್ಲಿ ಬಿಡ್ರಿ. ಹೋಳಿಗಿ ಮಾಡ್ತೇನಿ."

"ಹೋಳಿಗಿ ಬ್ಯಾಡ. ದೊಡ್ಡ ಹೋಟೆಲ್‌ನ್ಯಾಗ ಊಟಾ ಹಾಕಸ್ತೇನಿ ಅಂತ ಕಾಗದಾ ಬರದ ಬಿಟ್ಟೇನಿ."

ನನ್ನ ಕೈ ನಿಂತಿತು. ದೊಡ್ಡ ಹೋಟೆಲ್ಲೆಂದರೆ ಬಾದಾಮಿಗೆ ಗವಿ ನೋಡಲು ಬರುವ ಪರದೇಶದವರು ಇಳಿದುಕೊಳ್ಳುವ ಜಾಗ. ಆಗಿನ್ನೂ ಹೊಸದು. ಅದರ ಕಂಪೌಂಡಿನ ಹೂವು ನೋಡಿದ್ದೆನೇ ಹೊರತು ಒಳಗಿನ ನೆಲ ನೋಡಿರಲಿಲ್ಲ. ಸಾಲಿ ಮಾಸ್ತರರಾದ ಇವರ ಪಗಾರಕ್ಕೂ ಆ ಹೋಟೆಲ್ಲಿಗೂ ಪರಿಚಯವೇ ಇರಲಿಲ್ಲ.

ಇದಕ್ಕೆಲ್ಲ ಮೂಲ ಮಾಮಾನ, ಅಂದರೆ ಇವರ ಅಕ್ಕನ ಗಂಡನ, ಒಂದು ಮಾತು. ಅವರು ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡುವವರು, ಮಾತನ್ನು ಮಾತ್ರ ಅಳೆದು ಕೊಡುವವರಲ್ಲ. ಹಿಂದಿನ ವರ್ಷ ಅವರ ಮನೆಯ ಪಂಕ್ತಿಯಲ್ಲಿ ಹತ್ತು ಮಂದಿಯ ಮುಂದೆ, "ಮಾಸ್ತರ, ನಿಮ್ಮ ಬಾದಾಮ್ಯಾಗ ಕಲ್ಲು, ಮಂಗ್ಯಾ ಬಿಟ್ರ ಏನೈತಿ?" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಆ ನಗುವನ್ನು ಇವರು ಒಂದು ವರ್ಷವಾದರೂ ಮರೆತಿರಲಿಲ್ಲ. ಈಗ ಕಾಗದ ಬರೆದು ಮಾತು ಕೊಟ್ಟಾಗಿತ್ತು. ಅದು ತಪ್ಪಿದರೆ ಇನ್ನು ಇಳಕಲ್ಲಿನ ದಾರಿಯಲ್ಲಿ ತಲೆ ಎತ್ತುವಂತಿರಲಿಲ್ಲ.

ಸೋಮವಾರ ಬನಶಂಕರಿಯ ದರ್ಶನ ಮುಗಿಸಿ ನಾಲ್ಕೂ ಮಂದಿ ಹೋಟೆಲ್ಲಿಗೆ ಹೋದೆವು. ಬಾಗಿಲಲ್ಲೇ ಶಾಕಾಹಾರಿ ಎಂದು ಬೋರ್ಡಿತ್ತು, ಅದೊಂದು ದಯೆ. ಕಾವಲುಗಾರ ನಮ್ಮನ್ನು ತಡೆಯಲಿಲ್ಲ, ಅದೂ ಒಂದು. ಒಳಗೆ ಫ್ಯಾನಿನ ತಣ್ಣನೆಯ ಗಾಳಿ. ಮೇಜಿನ ಮೇಲೆ ಪ್ರತಿಯೊಬ್ಬರ ಮುಂದೆಯೂ ಗುಲಾಬಿ ಬಣ್ಣದ ಬಟ್ಟೆಯೊಂದನ್ನು ಗೋಪುರದ ಹಾಗೆ ಮಡಚಿ ನಿಲ್ಲಿಸಿದ್ದರು.

ಮಾಮಾ ತಮ್ಮದನ್ನು ಎತ್ತಿ ಝಾಡಿಸಿ ಹೆಗಲಿಗೆ ಹಾಕಿಕೊಂಡರು. "ಏನ್ ಮಾಸ್ತರ, ಉಣ್ಣೂ ಮೊದಲ ಆಯೇರಿ ಮಾಡಿಬಿಟ್ಟಿ?"

ಬೀಗರು ಬಂದಾಗ ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದು ನಮ್ಮ ಕಡೆಯ ಪದ್ಧತಿ. ಅಕ್ಕನೂ ತಮ್ಮದನ್ನು ಬಿಚ್ಚಿ ಗೇಣು ಹಾಕಿ ನೋಡಿದರು. "ಕುಬಸಕ್ಕ ಸಾಲಂಗಿಲ್ಲ. ಇರ್ಲಿ, ನನ್ನ ತಮ್ಮಂದು ಮದಲಿಂದಲೂ ಮನಸ್ಸು ದೊಡ್ಡದು" ಎಂದು ಚೀಲದಲ್ಲಿಟ್ಟುಕೊಂಡರು. ಯಜಮಾನರು ತಮ್ಮ ಮುಂದಿನ ಗೋಪುರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಅಷ್ಟರಲ್ಲಿ ಮಾಣಿ ಬಂದು ಊಟದ ಪಟ್ಟಿ ಕೊಟ್ಟ. ಅವರು ಅದನ್ನು ತೆರೆದರು, ಮುಚ್ಚಿದರು. ಬೆಲೆ ಇಳಿದಿರಬಹುದೆಂದು ಇನ್ನೊಮ್ಮೆ ತೆರೆದರು. ಆಮೇಲೆ ನನ್ನ ಕಡೆ ನೋಡಿದರು.

ಆ ನೋಟ ನನಗೆ ಗೊತ್ತು. ಬಸ್ಸಿನಲ್ಲಿ ಟಿಕೀಟು ಕಳೆದುಕೊಂಡಾಗಲೂ ಹೀಗೇ ನೋಡಿದ್ದರು.

ಉಣ್ಣಲು ಕೂತವರು ಉಣ್ಣದೆ ಏಳುವಂತಿಲ್ಲ, ಅನ್ನಕ್ಕೆ ಅವಮಾನ. ಎದ್ದರೆ ಮಾಮಾನ ಬಾಯಿಗೆ ಬೀಳಬೇಕು. ಎದೆಯ ಮೇಲಿನ ಲಿಂಗವನ್ನು ಸೆರಗಿನ ಮೇಲಿನಿಂದಲೇ ಮುಟ್ಟಿದೆ. ಬಾಯಿ ತಾನಾಗಿ ಮಾತಾಡಿತು.

"ಅಕ್ಕಾರ, ನೀವು ಕೂಡ್ರಿ. ನಂದು ಪೂಜಾ ಆಗಬೇಕು. ನಾ ಬರೂತನಕ ಏನೂ ತರಿಸಬ್ಯಾಡ್ರಿ."

ಅಕ್ಕ ನನ್ನ ಹಣೆಯ ವಿಭೂತಿ ನೋಡಿದರು. "ಮುಂಜಾನಿ ನನ್ನ ಮುಂದ ಮಾಡಿದ್ಯಲ್ಲ?"

"ಇದು ಮಧ್ಯಾನದ್ದರಿ."

"ಮಧ್ಯಾನದ ಪೂಜಾ ಯಾವಾಗಿಂದ ಹಿಡದಿ?"

"ಇವತ್ತಿನಿಂದ್ರಿ."

ಮಾಣಿಯನ್ನು ಕೇಳಿ ಹಿತ್ತಲಿನ ನಳಕ್ಕೆ ಹೋದೆ. ಕೈಕಾಲು ತೊಳೆದು, ಮಾಲಿಯನ್ನು ಕೇಳಿ ಒಂದು ಹೂ ಕಿತ್ತು, ಲಿಂಗಯ್ಯನನ್ನು ಅಂಗೈಯಲ್ಲಿಟ್ಟುಕೊಂಡು ಖರೆಯಾಗಿಯೇ ಪೂಜೆ ಮಾಡಿದೆ. ಅಂದ ಮಾತು ಸುಳ್ಳಾಗಬಾರದಲ್ಲ. "ಸಂಗಮನಾಥಾ, ಇವರ ಮಾತು ಉಳಿಸಪಾ" ಎಂದೆ. ಬೇರೇನೂ ಕೇಳಲು ತೋಚಲಿಲ್ಲ.

ಕಣ್ಣು ತೆರೆಯುವ ಮೊದಲೇ ಕಿವಿಗೆ ಟಪ್ ಟಪ್ ಎಂದು ಸಪ್ಪಳ ಬಿತ್ತು. ರೊಟ್ಟಿ ಬಡಿಯುವ ಸಪ್ಪಳ. ಅದರ ಬೆನ್ನು ಹತ್ತಿ ಹೋದರೆ ಹೋಟೆಲ್ಲಿನ ಅಡಿಗೆಮನೆಗೆ ಹಿಂದಿನಿಂದ ಇನ್ನೊಂದು ಬಾಗಿಲು. ಅದಕ್ಕೆ ಹತ್ತಿಕೊಂಡು ತಗಡಿನ ಚಪ್ಪರ, ಕೂರಲು ಉದ್ದನೆಯ ಬಾಕು. ಕಾರಿನ ಡ್ರೈವರುಗಳು, ಗವಿ ತೋರಿಸುವವರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಒಲೆಯ ಮುಂದೆ ನನ್ನದೇ ವಯಸ್ಸಿನ ಹೆಣ್ಣುಮಗಳು ರೊಟ್ಟಿ ಬಡಿಯುತ್ತಿದ್ದಳು.

"ಒಳಗಿನ ಮಂದಿಗೆ ಅಡಗಿ ಬ್ಯಾರೆ ಏನವಾ?" ಎಂದು ಕೇಳಿದೆ.

"ಒಲಿ ಒಂದರಿ ಯವ್ವಾ, ಬಾಗಲಾ ಎರಡು. ಇದ ಬ್ಯಾಳೀನ ಅಲ್ಲಿಗೆ ಮುಚ್ಚಳಾ ಮುಚ್ಚಿ ಒಯ್ತಾರ. ಇಲ್ಲಿ ನಾ ಸೌಟಿಲೆ ಹಾಕ್ತೇನಿ."

"ಯಾರ ಬೇಕಾದ್ರೂ ಉಣಬಹುದೇನು?"

"ಹಸದಾವ್ರು ಉಣಬಹುದು."

ಒಂದು ತಾಟಿನ ಬೆಲೆ ಕೇಳಿದೆ. ನಂಬದೆ ಮತ್ತೊಮ್ಮೆ ಕೇಳಿದೆ. ಆಗಲೂ ಅಷ್ಟೇ ಕಡಿಮೆ ಹೇಳಿದಳು.

ಒಳಗೆ ಬಂದಾಗ ಮಾಮಾ ಮುಳ್ಳಿನ ಚಮಚವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಹಿಂದಿನ ಕಡೆ ಬಿಸಿ ಜ್ವಾಳದ ರೊಟ್ಟಿ ಬಡೀಲಿಕ್ಕೆ ಹತ್ಯಾರ್ರಿ, ಒಲಿ ಮುಂದ..." ಎನ್ನುವಷ್ಟರಲ್ಲಿ ಅವರು ಎದ್ದು ನಿಂತಿದ್ದರು.

ಚಪ್ಪರದಲ್ಲಿ ಮಾಮಾ ಚಪ್ಪಲಿ ಬಿಟ್ಟು ಬಾಕಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಆರು ರೊಟ್ಟಿ ಉಂಡರು. ಏಳನೆಯದಕ್ಕೆ ಕೈ ಚಾಚಿದಾಗ ಒಳಗಿನ ಮಾಣಿ ಬಂದು ಅವರ ಹೆಗಲನ್ನೇ ನೋಡುತ್ತ ನಿಂತ. ಯಜಮಾನರು ಮಜ್ಜಿಗೆಯ ಬಟ್ಟಲಿನಲ್ಲಿ ಏನೋ ಹುಡುಕತೊಡಗಿದರು. ಒಂದೇ ದಿನ ದೇವರನ್ನು ಎರಡು ಸಲ ಅಡ್ಡ ತರಬಾರದೆಂದು ನಾನೇ ಹೇಳಿಬಿಟ್ಟೆ.

"ಮಾಮಾರ, ಅದು ಆಯೇರಿ ಅಲ್ರಿ. ಬಾಯಿ ಒರಸೂ ಅರಬೀರಿ."

ಅಕ್ಕ ಚೀಲದಿಂದ ತಮ್ಮದನ್ನು ತೆಗೆದು, ಮಡಿಕೆ ಸರಿಮಾಡಿ ಕೊಟ್ಟರು. ಯಜಮಾನರು ತಲೆ ಎತ್ತದೆ ಅಂದರು, "ಮಾಮಾ, ಒಳಗ ಉಣಸೂ ತಾಕತ್ತು ನನಗಿಲ್ಲ."

ಮಾಮಾ ಹೆಗಲಿನ ಬಟ್ಟೆ ತೆಗೆದು ಅದರಲ್ಲೇ ಬಾಯಿ ಒರೆಸಿಕೊಂಡು ಮಾಣಿಗೆ ಕೊಟ್ಟರು. "ಒಳಗ ಉಣ್ಣೂ ತಾಕತ್ತು ನನಗರ ಎಲ್ಲಿತ್ತು? ಆ ಮುಳ್ಳ ಚಮಚಾ ನೋಡಿ ಹಸಿವಿ ಸತ್ತಿತ್ತು. ಆದ್ರ ಮಾಸ್ತರ, ಮಾಡಿದ ಆಯೇರಿ ತಿರುಗಿ ಕಸಗೊಂಡಾವ ನೀನ ಮೊದಲನೇದಾವ." ನಗುವಿಗೆ ಅವರ ಹೊಟ್ಟೆ ಕುಣಿಯುತ್ತಿತ್ತು. ಏಳನೆಯ ರೊಟ್ಟಿ ಮುರಿಯುತ್ತ, "ಕಲ್ಲು, ಮಂಗ್ಯಾ, ರೊಟ್ಟಿ. ಬಾದಾಮ್ಯಾಗ ಮೂರು ಅದಾವ ಅಂತ ಹೇಳ್ತೇನಿ ತಗೋ" ಎಂದರು. ಯಜಮಾನರು ಆಗ ತಲೆ ಎತ್ತಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಇಳಕಲ್ಲಿನಲ್ಲಿ ಮಾಮಾ ಹೇಳಿದ್ದು ಬೇರೆ. ದೊಡ್ಡ ಹೋಟೆಲ್ಲಿನಲ್ಲಿ ಪರದೇಶದವರ ಒಲೆಯ ಮೇಲಿನ ಊಟ ಉಂಡು ಬಂದೆ ಎಂದರಂತೆ. ಅದೇನೂ ಸುಳ್ಳಲ್ಲ.

ಅವತ್ತು ಸಂಜೆ ಬಸ್ಸಿನ ಮೆಟ್ಟಿಲ ಮೇಲೆ ಹಿಂಡಿಯ ಡಬ್ಬಿ ಕೈಗೆ ಕೊಟ್ಟಾಗ ಅಕ್ಕ ನನ್ನ ಮುಖ ನೋಡಿದರು. "ಮಧ್ಯಾನದ ಪೂಜಾ ಬಿಡಬ್ಯಾಡ ಮತ್ತ. ಮುಂದಿನ ಸಲ ಕೇಳ್ತೇನಿ." ಬಂದಾಗಲೆಲ್ಲ ಕೇಳಿದರು. ಹಾಗಾಗಿ ಅದು ನನಗೆ ಇವತ್ತಿನವರೆಗೂ ತಪ್ಪಿಲ್ಲ. ಯಾವ ಹೊತ್ತಿನಲ್ಲಿ ಯಾರ ಕೈಯಿಂದ ಏನು ಮಾಡಿಸಬೇಕೆಂದು ಆ ಸಂಗಮನಾಥನಿಗೆ ಗೊತ್ತಿರುತ್ತದೆ.

ಅವತ್ತು ಅವರ ಬಸ್ಸು ಹೋದ ಮೇಲೆ ಮನೆಗೆ ಬಂದು ದೀಪ ಹಚ್ಚಿದೆ. ಮರುದಿನದ ಪಲ್ಯಕ್ಕೆ ನೆನೆಹಾಕಬೇಕೆಂದು ಮಡಕಿಕಾಳನ್ನು ಮೊರಕ್ಕೆ ಸುರಿದುಕೊಂಡು ಆರಿಸಲು ಕೂತೆ. ಕಲ್ಲು ಭಾಳ ಇದ್ದವು.