ಮೋನಪ್ಪಣ್ಣನ ಎಂಜಿನ್ ಮರಳು ತಿಂದಿರಲಿಲ್ಲ

ಕಡವಿನ ದೋಣಿಯ ಎಂಜಿನ್ ಸುಟ್ಟದ್ದು ನನ್ನಿಂದ. ಮೋನಪ್ಪಣ್ಣನ ತಪ್ಪು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ನಾಲ್ಕು ಜನರ ಎದುರು ತಪ್ಪನ್ನು ಅವರ ತಲೆಗೆ ಕಟ್ಟಿದೆ. ಹದಿನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ನನ್ನಿಂದ ಆಗುವುದಿಲ್ಲ.

ಪಾಣೆಮಂಗಳೂರಿನಲ್ಲಿ ನನ್ನದೊಂದು ರಿಪೇರಿ ಅಂಗಡಿ. ತೋಟದ ಪಂಪು, ದೋಣಿಯ ಹಿಂದೆ ಕೂರಿಸುವ ಎಂಜಿನ್ — ಎರಡೂ ನೋಡುತ್ತೇನೆ. ಫರಂಗಿಪೇಟೆಯ ಕಡೆ ಹೊಳೆ ದಾಟುವ ಕಡವಿನಲ್ಲಿ ಜನರನ್ನು ಆಚೆ ದಡ ಮುಟ್ಟಿಸುವ ದೋಣಿಯೊಂದಿತ್ತು. ಅದನ್ನು ನಡೆಸುತ್ತಿದ್ದವರು ಮೋನಪ್ಪಣ್ಣ. ಎಂಜಿನ್ ಇಲ್ಲದೆ ಹುಟ್ಟು ಹಾಕುತ್ತಿದ್ದ ಕಾಲದಿಂದಲೂ ಆ ಕಡವಿನಲ್ಲೇ ಇದ್ದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು.

ಆ ಎಂಜಿನ್ನು ಹೊಳೆಯ ನೀರನ್ನೇ ಎಳೆದುಕೊಂಡು ತಣ್ಣಗಾಗುತ್ತದೆ. ನೀರು ಎಳೆಯಲು ಒಳಗೆ ರಬ್ಬರಿನ ಚಕ್ರವೊಂದಿದೆ, ಅದಕ್ಕೆ ಆರು ಎಸಳು. ಎಳೆದ ನೀರಿನಲ್ಲಿ ಸ್ವಲ್ಪ, ಹಿಂದಿನ ಸಣ್ಣ ತೂತಿನಿಂದ ಧಾರೆಯಾಗಿ ಹೊರಗೆ ಬೀಳುತ್ತದೆ. ಎಂಜಿನ್ ಬಿಸಿಯಾಗುತ್ತದೆಂದು ಮೋನಪ್ಪಣ್ಣ ತಂದಾಗ ಬಿಚ್ಚಿ ನೋಡಿದೆ. ಚಕ್ರದ ಎರಡು ಎಸಳು ತುಂಡಾಗಿದ್ದವು. ಒಂದು ತುಂಡು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಸಿಗದ ತುಂಡು ನೀರಿನ ಜೊತೆ ಮೇಲೇರಿ ಎಲ್ಲೋ ಸಿಕ್ಕಿಕೊಂಡಿರುತ್ತದೆ, ಅದನ್ನು ಹುಡುಕದೆ ಎಂಜಿನ್ ವಾಪಸು ಕೊಡಬಾರದು — ಈ ಕೆಲಸ ಕಲಿತವನಿಗೆ ಇದು ಮೊದಲ ಪಾಠ. ಆದರೆ ಹುಡುಕಬೇಕಾದರೆ ಎಂಜಿನ್ನಿನ ತಲೆಯ ಮುಚ್ಚಳ, ಹೆಡ್ ಬಿಚ್ಚಬೇಕು, ಅದರ ಬೋಲ್ಟುಗಳೆಲ್ಲ ತುಕ್ಕು ಹಿಡಿದಿದ್ದವು, ನನಗೆ — ಉದಾಸೀನ. ಬೇರೆ ಮಾತಿಲ್ಲ. ಹೊಸ ಚಕ್ರ ಹಾಕಿ, ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಓಡಿಸಿದೆ. ಧಾರೆ ಚೆನ್ನಾಗಿಯೇ ಬಂತು, ಕೊಟ್ಟು ಕಳಿಸಿದೆ.

ನಾಲ್ಕು ದಿನ ಬಿಟ್ಟು ಪುನಃ ಬಂದರು. ಧಾರೆ ಬೀಳುತ್ತದೆ, ಆದರೆ ಎಂಜಿನ್ನಿನ ಮೇಲೆ ಕೈ ಇಡಲಿಕ್ಕೆ ಆಗುವುದಿಲ್ಲ, ಇನ್ನೊಮ್ಮೆ ಬಿಚ್ಚಿ ನೋಡು ಎಂದರು. ಧಾರೆ ಬಂದರೆ ಚಕ್ರ ನೀರು ಎಳೆಯುತ್ತಿದೆ ಎಂದಷ್ಟೇ ಅರ್ಥ. ಹೆಡ್ಡಿನ ತನಕ ನೀರು ಮುಟ್ಟುತ್ತಿದೆ ಎಂದಲ್ಲ. ಅದೂ ನನಗೆ ಗೊತ್ತಿತ್ತು. ಆದರೂ ನಾನು ಹೇಳಿದ್ದು ಇಷ್ಟು:

"ನೀರು ಬರ್ತಾ ಉಂಟಲ್ಲ ಮಾರಾಯ್ರೆ, ಮತ್ತೆಂತ ಹೆದರಿಕೆ?"

ನಂಬಿ ಹೋದರು. ಮರುದಿನ ನಡುಹೊಳೆಯಲ್ಲಿ ಎಂಜಿನ್ ಜಾಮ್ ಆಗಿ ನಿಂತಿತು. ದೋಣಿ ಸೆಳೆತಕ್ಕೆ ಸಿಕ್ಕಿ ಬಂಡೆಗೆ ಬಡಿಯಿತು. ಯಾರ ಜೀವವೂ ಹೋಗಲಿಲ್ಲ. ಕಟ್ಟಿದ ಬೀಡಿ ಕೊಡಲು ಹೊರಟಿದ್ದ ಹೆಂಗಸೊಬ್ಬರ ಬಲಗೈ ಮುರಿಯಿತು.

ದೋಣಿಯ ಧಣಿ ಮೋನಪ್ಪಣ್ಣನನ್ನು ಹಿಡಿದುಕೊಂಡರು. ನೀರು ಕಡಿಮೆ ಇರುವಲ್ಲಿ ಮರಳಿನ ದಿಬ್ಬದ ಮೇಲೆ ಓಡಿಸಿ ಎಂಜಿನ್ನಿಗೆ ಮರಳು ತಿನ್ನಿಸಿದ್ದೀ ಎಂದು ಅವರು, ಇಲ್ಲವೆಂದು ಇವರು. ಹಾಗಾದರೆ ದೈವದ ಎದುರು ನಿಂತು ಪ್ರಮಾಣ ಮಾಡು ಎಂದುಬಿಟ್ಟರು ಧಣಿ. ನಮ್ಮ ಕಡೆ ಆ ಮಾತು ಬಂದ ಮೇಲೆ ವಾದವಿಲ್ಲ. ಮೋನಪ್ಪಣ್ಣ ಹೆದರಲಿಲ್ಲ, ಸುದ್ದಿ ಕೇಳಿ ಬಂದು ನಿಂತಿದ್ದ ನನ್ನ ಕಡೆ ಕೈ ತೋರಿಸಿದರು.

"ಎಂಜಿನ್ನಿನ ವಿಷಯಕ್ಕೆ ದೈವವನ್ನು ಯಾಕೆ ಕರೆಯುವುದು? ದಿನೇಶ ಬಿಚ್ಚಿ ನೋಡಲಿ. ಅವನು ಹೇಳಿದ್ದೇ ನನಗೆ ಪ್ರಮಾಣ."

ಎಲ್ಲರ ಎದುರು ಹೆಡ್ ಬಿಚ್ಚಿದೆ. ನೀರಿನ ದಾರಿಗೆ ಅಡ್ಡವಾಗಿ ಆ ರಬ್ಬರಿನ ತುಂಡು ಕೂತಿತ್ತು. ಬೆರಳಿನಿಂದ ಎಬ್ಬಿಸಿ, ಯಾರಿಗೂ ಕಾಣದ ಹಾಗೆ ಕೈ ಒರೆಸುವ ಬಟ್ಟೆಯೊಳಗೆ ಮಡಚಿಕೊಂಡೆ. ನನ್ನ ಅಂಗಡಿ, ನನ್ನ ಹೆಸರು — ತಲೆಯಲ್ಲಿ ಇದ್ದದ್ದು ಅಷ್ಟೇ. ಬೇಲಿಯೇ ಎದ್ದು ಹೊಲ ಮೇಯ್ದಿತು.

"ಮರಳು ತಿಂದಿದೆ" ಎಂದೆ.

ಮೋನಪ್ಪಣ್ಣ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಒಂದು ವೇಳೆ ನಾನು... ಗೊತ್ತಿಲ್ಲ. ಹಾಗಾದರೆ ಆ ಮರಳಿನ ದಿಬ್ಬ ನನಗೆ ಕಾಣಲಿಲ್ಲ, ನನ್ನ ಕಣ್ಣು ಮಂಜಾಗಿದೆ ಎಂದರು. ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ತಾವಾಗಿಯೇ ದೋಣಿಯ ಕೆಲಸ ಬಿಟ್ಟರು. ವಾಮದಪದವಿನಲ್ಲಿದ್ದ ಮಗಳ ಮನೆ ಸೇರಿದರು.

ಕಳೆದ ವರ್ಷ, ಹೇಳಿಯೇ ಬಿಡುವ ಎಂದು ಅಲ್ಲಿಗೆ ಹೋದೆ. ತುಂಬ ಇಳಿದುಹೋಗಿದ್ದರು. ನನ್ನನ್ನು ಕಂಡು ಬಹಳ ಖುಷಿಪಟ್ಟರು. ಮಗಳನ್ನು ಕರೆದು ಪರಿಚಯ ಮಾಡಿಸಿದರು.

"ಅಂದು ಇವನು ಮುಖ ನೋಡದೆ ಸತ್ಯ ಹೇಳಿದ್ದು ಒಳ್ಳೆಯದಾಯಿತು ಮಗಾ. ಇಲ್ಲದಿದ್ದರೆ ಕಣ್ಣು ಸರಿ ಉಂಟು ಅಂತ ನಾನು ಓಡಿಸ್ತಲೇ ಇರ್ತಿದ್ದೆ. ಯಾರ ಜೀವ ತೆಗೀತಿದ್ದೆನೋ ಏನೋ."

ಮಗಳು ಕೊಟ್ಟ ಚಹಾ ಕುಡಿದು ಬಂದೆ. ಎರಡು ತಿಂಗಳೊಳಗೆ ಅವರು ತೀರಿಕೊಂಡರು.

ಇನ್ನು ಉಳಿದವಳು ಆ ಮಗಳು. ನಾಳೆ ಬೆಳಿಗ್ಗೆ ವಾಮದಪದವಿಗೆ ಹೋಗುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೊಡಬೇಕಾದವರೇ ಇಲ್ಲ. ನಿನ್ನ ಅಪ್ಪನ ಕಣ್ಣು ಕೊನೆಯ ತನಕ ಸರಿಯಾಗಿಯೇ ಇತ್ತು ಎಂದು ಹೇಳಿ, ಅವಳು ಅನ್ನುವುದನ್ನು ಅಂದು ಮುಗಿಸುವ ತನಕ ಅಲ್ಲಿಯೇ ನಿಂತಿರುತ್ತೇನೆ.