ಕಡಿಮೆಯಾದದ್ದು ಕರೆಂಟಲ್ಲ

ನನಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲ. ಬಸ್ಸು ತಡವಾದರೆ ನಿಲ್ದಾಣದಲ್ಲಿ ಕಂಬದಿಂದ ಕಂಬಕ್ಕೆ ಅಲೆಯುತ್ತೇನೆ. ಮದುವೆಯ ಪಂಕ್ತಿಯಲ್ಲಿ ಎಲೆಗೆ ಅನ್ನ ಬೀಳುವವರೆಗೆ ಮೊಣಕಾಲು ಕುಣಿಸುತ್ತೇನೆ. ಕೈಗೆ ಕೆಲಸವಿಲ್ಲದಾಗ ತಲೆ ತಾನಾಗಿ ಲೆಕ್ಕಕ್ಕೆ ಇಳಿಯುತ್ತದೆ. ಎದುರಿಗೆ ಇಸ್ತ್ರಿ ಪೆಟ್ಟಿಗೆ ಕಂಡರೆ ಸಾಕು: ಇನ್ನೂರ ಮೂವತ್ತು ವೋಲ್ಟು, ಎರಡು ಆಂಪಿಯರು, ಭಾಗಿಸಿದರೆ ನೂರಾ ಹದಿನೈದು ಓಮ್ ರೋಧ, ಗುಣಿಸಿದರೆ ನಾನೂರ ಅರವತ್ತು ವ್ಯಾಟ್ ಸಾಮರ್ಥ್ಯ. ಅಷ್ಟಾದರೂ ಅಂಗಿಯ ಸುಕ್ಕು ಹಾಗೇ ಇರುತ್ತದೆ.

ಎಂಬತ್ತರ ದಶಕದ ಮೊದಲಲ್ಲಿ ನಾನು ಕುಷ್ಟಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪಠ್ಯಪುಸ್ತಕದ ಕನ್ನಡ ಬಲು ಘನವಾದದ್ದು. ವೋಲ್ಟೇಜಿಗೆ ವಿಭವಾಂತರ, ಕರೆಂಟಿಗೆ ಪ್ರವಾಹ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ, ಪ್ರವಾಹ ಕಡಿಮೆಯಾದರೆ ಏನಾಗುತ್ತದೆ ಎಂದು ಕೇಳಿದರು. ಮುಂದಿನ ಸಾಲಿನ ಹುಡುಗಿ ಎದ್ದು, ಹುಲಿಗಿಯ ಹೊಳೆಯಲ್ಲಿ ಸ್ನಾನ ಮಾಡಬಹುದು ಎಂದಳು. ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಇನ್ನು ಊರಿನ ಕನ್ನಡಕ್ಕೆ ಬಂದರೆ ಎಲ್ಲವೂ ಕರೆಂಟೇ. ಕಂಬದ ಮೇಲಿರುವುದು ಕರೆಂಟು, ಬಿಲ್ಲು ಬರುವುದೂ ಕರೆಂಟಿನದೇ. ಸಂಜೆ ಬಲ್ಬಿನ ತಂತಿ ಬರೀ ಕೆಂಪಗಾಗಿ ನಿಂತರೆ, "ಕರೆಂಟ್ ಕಡಿಮಿ ಐತಿ." ಬಿದ್ದದ್ದು ವೋಲ್ಟೇಜು, ಹೆಸರು ಕೆಟ್ಟದ್ದು ಕರೆಂಟಿನದು.

ಈ ಒಂದು ಮಾತು ನನ್ನ ತಂಗಿಯ ಮದುವೆಯ ನಡುವೆ ಬಂದು ಕೂತುಬಿಟ್ಟಿತು.

ಸುಶೀಲಾ ನನ್ನ ಒಬ್ಬಳೇ ತಂಗಿ. ಕೊಪ್ಪಳದಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಕೇಳಿದ್ದಕ್ಕೆ ನೇರ ಉತ್ತರ ಕೊಡುವುದು ಅವಳ ರೂಢಿ. ಆ ರೂಢಿಯಿಂದಾಗಿ ಯಲಬುರ್ಗಾದ್ದೊಂದು, ಕನಕಗಿರಿಯದೊಂದು ಸಂಬಂಧ ಚಹಾದ ಕಪ್ಪು ಕೆಳಗಿಡುವ ಮೊದಲೇ ಮುರಿದಿದ್ದವು. ಅಪ್ಪ ಇಲ್ಲದ ಮನೆ, ಹೊಣೆ ನನ್ನದು. ಆಮೇಲೆ ಬಂದದ್ದು ಗಂಗಾವತಿಯ ಸಂಬಂಧ. ಅವರು ರೈಸ್ ಮಿಲ್ಲಿನ ಸಾವಕಾರರು, ಕಾಲುವೆ ನೀರಿನ ಗದ್ದೆ, ತುಂಬಿದ ಮನೆ. ನಮ್ಮದು ಒಣಭೂಮಿ ಮತ್ತು ಮಾಸ್ತರಿಕೆಯ ಪಗಾರ. ವಿಭವ ಎಂದರೆ ಸಿರಿಯೂ ಹೌದಲ್ಲ. ಎರಡು ತುದಿಗಳ ವಿಭವದಲ್ಲಿ ಅಂತರವಿದ್ದರೇ ಪ್ರವಾಹ ಹರಿಯುವುದೆಂದು ತರಗತಿಯಲ್ಲಿ ಧೈರ್ಯವಾಗಿ ಹೇಳುತ್ತಿದ್ದವನು, ಅವರು ಹೆಣ್ಣು ನೋಡಲು ಬಂದ ದಿನ ಅದೇ ಅಂತರ ನೆನೆದು ಮೊಣಕಾಲು ಕುಣಿಸುತ್ತ ಕೂತಿದ್ದೆ.

ಹುಡುಗ ಸಭ್ಯ. ಅವಲಕ್ಕಿ ತಿಂದ ತಾಟನ್ನು ತಾನೇ ಒಳಗಿಡಲು ಎದ್ದ. ಸುಶೀಲಾ ಅದನ್ನು ನೋಡಿದಳು, ನಾನು ಸುಶೀಲಾಳ ಮುಖ ನೋಡಿದೆ. ಅವಳಿಗೆ ಅವನು ಹಿಡಿಸಿದ್ದ. ಅದು ಗೊತ್ತಾದ ಮೇಲೆ ನನಗೆ ಹೆದರಿಕೆ ಇಮ್ಮಡಿಯಾಯಿತು. ಹಾಡು, ರೊಟ್ಟಿ, ಹೊಲಿಗೆ ಎಲ್ಲದರ ವಿಚಾರಣೆ ಮುಗಿದ ಮೇಲೆ ಹುಡುಗನ ತಂದೆ, ಸೈನ್ಸ್ ಓದಿದವಳಲ್ಲವೇ ಎಂದು ತಮ್ಮದೇ ಒಂದು ಸಂಕಟ ತೆಗೆದರು.

"ಕರೆಂಟ್ ಕಡಿಮಿ ಆದಾಗೆಲ್ಲಾ ನಮ್ಮ ಮಿಲ್ಲಿನ ಮೋಟರ್ ಸುಡ್ತೈತಿ. ಕಡಿಮಿ ಆದ್ರ ತಣ್ಣಗ ಇರಬೇಕಿತ್ತಲ್ಲ, ಯಾಕವಾ?"

ಗೊತ್ತಿಲ್ಲವೆಂದು ತಲೆ ತಗ್ಗಿಸು ಮಾರಾಯ್ತಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ.

"ಕಡಿಮಿ ಆಗೋದು ಕರೆಂಟ್ ಅಲ್ರಿ, ವೋಲ್ಟೇಜ್" ಎಂದಳು ಸುಶೀಲಾ. "ಬಲ್ಬ್ ಆದ್ರ ಬಂದಷ್ಟು ತಗೊಂಡು ಡಿಮ್ ಆಗಿ ಇರ್ತೈತಿ. ಮೋಟರಿಗೆ ನೀವು ಮೊದಲಿನಷ್ಟೇ ಭತ್ತ ಹಾಕ್ತೀರಿ, ಅದು ಅಷ್ಟೇ ದುಡೀಬೇಕು. ವೋಲ್ಟೇಜ್ ಇಳಿದಂಗ ಕರೆಂಟ್ ಹೆಚ್ಚಿಗಿ ಎಳಕೊಳ್ತೈತಿ, ಸುಡ್ತೈತಿ. ತಪ್ಪು ಮೋಟರಿಂದಲ್ರಿ, ಹಾಕೋರದು."

ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಾಮರ್ಥ್ಯ. ಗುಣಲಬ್ಧ ಇಳಿಯಕೂಡದೆಂದರೆ ಒಂದು ಇಳಿದಂತೆ ಇನ್ನೊಂದು ಏರಲೇಬೇಕು. ನಾನಾದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಆದರೆ ಅಂಕ ಹಾಕುವವರು ಅವರು. ಹುಡುಗ ನಗು ತಡೆದುಕೊಂಡ, ತಂದೆ ಮೀಸೆ ಸವರಿಕೊಂಡರು, ತಿಳಿಸುತ್ತೇವೆ ಎಂದು ಎದ್ದರು. ಕನ್ಯಾ ನೋಡಿದ ಮನೆಯಲ್ಲಿ ಆ ಮಾತಿಗೆ ಏನರ್ಥವೆಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಮನೆಯಲ್ಲಿ ನಿಲ್ಲಲಾರೆ, ಶಾಲೆಯಲ್ಲಿ ಕೂರಲಾರೆ. ಅವಳಿಗೆ ಸೈನ್ಸ್ ಓದಿಸಿದವನು ನಾನೇ ಎಂದು ಅವ್ವ ಮಾತು ಬಿಟ್ಟಿದ್ದಳು. ಸುಶೀಲಾ ಮಾತ್ರ ಯಾವ ಬಸ್ಸು ಬಂದರೂ ಒಮ್ಮೆ ಬಾಗಿಲಿಗೆ ಬಂದು ಹೋಗುತ್ತಿದ್ದಳು. ಪಡಸಾಲೆಯಲ್ಲಿ ಅಡ್ಡಾಡುತ್ತ ನನಗೆ ಅನ್ನಿಸಿತು: ನಾನು ಬಲ್ಬಿನ ಜಾತಿಯವನು, ಬರುವುದು ಕಡಿಮೆಯಾದರೆ ಮಂಕಾಗಿ ಅಷ್ಟರಲ್ಲೇ ಇದ್ದುಬಿಡುತ್ತೇನೆ. ಅವ್ವ ಹಾಗಲ್ಲ. ಅಪ್ಪ ಹೋದ ಮೇಲೆ ಮನೆಗೆ ಬರುವುದು ಅರ್ಧಕ್ಕಿಳಿದರೂ ಅವಳ ದುಡಿತ ಒಂದು ರೊಟ್ಟಿಯಷ್ಟೂ ಇಳಿಯಲಿಲ್ಲ. ಒಲೆಯ ಮುಂದೆ ಅವಳು ಸೊಂಟ ಹಿಡಿದುಕೊಂಡು ಏಳುವುದನ್ನು ಸುಶೀಲಾ ದಿನಾ ನೋಡಿದ್ದಾಳೆ. ಆ ಉತ್ತರ ಅವಳಿಗೆ ಬರೀ ಪುಸ್ತಕದಿಂದ ಬಂದದ್ದಲ್ಲ ಎಂದು ನನಗೆ ಆಗ ಹೊಳೆಯಿತು.

ಒಂದು ಸಂತೆಯ ದಿನ ಸಾವಕಾರರು ಒಬ್ಬರೇ ಬಂದರು. ಈಗ ವೋಲ್ಟೇಜ್ ಇಳಿದರೆ ಭತ್ತ ಕಡಿಮೆ ಹಾಕಿಸುತ್ತಿದ್ದಾರಂತೆ. ಮೋಟರು ಮತ್ತೆ ಸುಟ್ಟಿಲ್ಲವಂತೆ. ಅದಕ್ಕೂ ಮದುವೆಗೂ ಏನು ಸಂಬಂಧವೋ ಎಂದು ನಾನು ಚಡಪಡಿಸುತ್ತಿರುವಾಗಲೇ ಅವರು, ತಮ್ಮ ಕಡೆಯಿಂದ ಒಪ್ಪಿಗೆ ಇದೆ, ಹುಡುಗಿಯ ಮನಸ್ಸು ಕೇಳಿ ಎಂದರು. ಹುಡುಗಿಯ ಮನಸ್ಸು ಕೇಳಿದ ಬೀಗರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಸುಶೀಲಾ ಚಹಾ ತಂದು ಅವರ ಮುಂದಿಟ್ಟಳು.

"ಮಿಲ್ಲಿನ್ಯಾಗ ಲೋಡ್ ಇಳಿಸೀರಿ, ಭಾಳ ಛಲೋ ಆತು. ಮನ್ಯಾಗ ಹೆಣ್ಮಕ್ಕಳದು ಇಳಿಸೋರು ಯಾರ್ರಿ, ಮಾವಾರ?"

ಸಾವಕಾರರು ಕಪ್ಪು ಹಿಡಿದುಕೊಂಡೇ ಮತ್ತೆ ಮೀಸೆ ಸವರಿಕೊಂಡರು. ಅವ್ವನಿಗೆ ಉಳಿದದ್ದೇನೂ ಕೇಳಿಸಿರಲಿಲ್ಲ, "ಮಾವಾರ" ಎಂಬುದೊಂದೇ ಕೇಳಿಸಿತ್ತು. ಬಾಯಿ ಸಿಹಿ ಮಾಡಲು ಸಕ್ಕರೆ ತರಲೆಂದು ಸೊಂಟ ಹಿಡಿದುಕೊಂಡೇ ಒಳಗೆ ಧಾವಿಸಿದಳು. ನಾನು ಹಿಂದೆಯೇ ಹೋಗಿ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡೆ.

"ನೀ ಕುಂದರಬೇ ಯವ್ವಾ" ಎಂದೆ. "ನಾ ಕೊಡ್ತೀನಿ."