ಲಂಡನ್ನಿನಿಂದ ಮುಂಬಯಿಗೆ ಎಷ್ಟು ತಾಸು?

೧೯೭೨ರ ಜನವರಿ. ನಾನಾಗ ಮುಂಬಯಿಯ ಸಾಂತಾಕ್ರೂಜ್ ನಿಲ್ದಾಣದಲ್ಲಿ ಒಂದು ವಿಮಾನ ಕಂಪನಿಯ ಫ್ಲೈಟ್ ಡಿಸ್ಪ್ಯಾಚರ್. ವಿಮಾನ ಯಾವ ದಾರಿ ಹಿಡಿಯಬೇಕು, ಗಾಳಿ ಎತ್ತ ಬೀಸುತ್ತಿದೆ, ಎಷ್ಟು ಇಂಧನ ಬೇಕು, ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ.

ಚೆಂಬೂರಿನ ನಮ್ಮ ಬಿಲ್ಡಿಂಗಿನ ಕೆಳಗಿನ ಮನೆ ಧಾರವಾಡದ ಬಸಪ್ಪನವರದು. ರಿಫೈನರಿಯಲ್ಲಿ ಫಿಟ್ಟರ್. ಗಂಡನನ್ನು ಕಳೆದುಕೊಂಡಿದ್ದ ಅವರ ಮಗಳು ಶಾಂತಾ ಲಂಡನ್ನಿನಲ್ಲಿ ನರ್ಸ್. ಅವಳ ನಾಲ್ಕು ವರ್ಷದ ಮಗಳು ಗೌರಿ ಅಜ್ಜ-ಅಜ್ಜಿಯ ಬಳಿ ಬೆಳೆಯುತ್ತಿದ್ದಳು. ಮಗುವಿಗೆ ಮೆದುಳು ಜ್ವರ ಬಂದಾಗ ತಂತಿ ಕೊಟ್ಟರು. ಶಾಂತಾಳಿಗೆ ಸಿಕ್ಕಿದ್ದು ನಮ್ಮ ಕಂಪನಿಯದೇ ವಿಮಾನ. ಮಂಜಿನಿಂದ ತಡವಾಗಿ ಅದು ನಮ್ಮ ಗಡಿಯಾರದ ಬೆಳಗಿನ ಒಂಬತ್ತಕ್ಕೆ ಲಂಡನ್ ಬಿಟ್ಟಿತು. ಅದಕ್ಕೆ ಒಂದು ತಾಸು ಮೊದಲು ಗೌರಿ ತೀರಿಕೊಂಡಿದ್ದಳು.

ಬಸಪ್ಪ ನನ್ನ ಆಫೀಸಿಗೆ ಫೋನ್ ಮಾಡಿದರು.

“ಕುಲಕರ್ಣಿಯವರ, ಮಗಳು ಎಷ್ಟೊತ್ತಿಗೆ ಬರ್ತಾಳ್ರಿ? ಹೊತ್ತು ಮುಳುಗೂದ್ರೊಳಗ ಕೂಸಿನ್ನ ಮಣ್ಣು ಮಾಡಬೇಕಂತಾರ. ಅಕಿ ಬರ್ತಾಳಂದ್ರ ತಡೀತೇನಿ.”

ದೂರ ಸುಮಾರು ಏಳು ಸಾವಿರದ ಇನ್ನೂರು ಕಿಲೋಮೀಟರ್. ನಡುವೆ ಇಂಧನಕ್ಕಾಗಿ ಒಂದು ಕಡೆ ಇಳಿಯಬೇಕು. ವೇಳಾಪಟ್ಟಿಯ ಪ್ರಕಾರ ಒಟ್ಟು ಒಂಬತ್ತೂವರೆ ತಾಸು. ಇಳಿಯುವುದು ಸಂಜೆ ಆರೂವರೆಗೆ, ಕಸ್ಟಮ್ಸ್ ಮುಗಿಸಿ ಚೆಂಬೂರು ಮುಟ್ಟುವಾಗ ಎಂಟು. ಚಳಿಗಾಲದ ಪಶ್ಚಿಮದ ಗಾಳಿ ಹಿಂದಿನಿಂದ ನೂಕಿದರೆ ವಿಮಾನ ಬೇಗ ಬರಬಹುದೆಂದು ನನಗೆ ಗೊತ್ತಿತ್ತು. ಆ ದಿನದ ಗಾಳಿಯ ನಕ್ಷೆ ಮೇಜಿನ ಮೇಲೆಯೇ ಇತ್ತು. ಆದರೆ ಆಸೆ ಹುಟ್ಟಿಸಿ, ಕೊನೆಗೆ ಅವಳು ಬರದಿದ್ದರೆ? ನಮ್ಮ ಕೆಲಸದಲ್ಲಿ ಹೆಚ್ಚಿನ ಅಂಕಿಯನ್ನೇ ಹಿಡಿಯುವುದು ರೂಢಿ.

“ಎಂಟಾಗ್ತದ್ರಿ. ತಡೀಬ್ಯಾಡ್ರಿ,” ಎಂದೆ.

ಒಂದಕ್ಕೆ ಪಾಳಿ ಮುಗಿಸಿ ಮನೆಗೆ ಬಂದೆ. ಮತ್ತೊಮ್ಮೆ ಆಫೀಸಿಗೆ ಫೋನ್ ಮಾಡಿ ವಿಮಾನ ಎಲ್ಲಿದೆ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ನಾಲ್ಕಕ್ಕೆ ಗೌರಿಯನ್ನು ಎತ್ತಿಕೊಂಡು ಹೊರಟರು, ನಾನೂ ಹೋದೆ. ಐದಕ್ಕೆ ಮಣ್ಣು ಮುಚ್ಚಿದೆವು.

ನಾವು ಮರಳಿ ಸ್ವಲ್ಪ ಹೊತ್ತಿಗೆ, ಆರಕ್ಕೆ ಇನ್ನೂ ಹತ್ತು ನಿಮಿಷವಿರುವಾಗ, ಗೇಟಿನೊಳಗೆ ಟ್ಯಾಕ್ಸಿ ಬಂದು ನಿಂತಿತು. ಶಾಂತಾ ಇಳಿದಳು. ಗಾಳಿಯ ನೂಕಿಗೆ ಇಂಧನ ಉಳಿದು, ಕ್ಯಾಪ್ಟನ್ ನಡುವೆ ಎಲ್ಲೂ ಇಳಿಯದೆ ನೇರ ಬಂದಿದ್ದರು. ಏಳೂವರೆ ತಾಸು. ನಾಲ್ಕೂವರೆಗೆ, ನಾವು ಸ್ಮಶಾನದಲ್ಲಿದ್ದಾಗ, ಅವಳು ಸಾಂತಾಕ್ರೂಜಿನಲ್ಲಿ ಇಳಿದಿದ್ದಳು.

“ಕೂಸು ಹೋತವ್ವಾ,” ಎಂದರು ಬಸಪ್ಪ. “ಈಗ ಮಣ್ಣು ಮಾಡಿ ಬಂದ್ವಿ.”

“ಈಗ?” ಅವಳು ಟ್ಯಾಕ್ಸಿಯ ಬಾಗಿಲನ್ನೇ ಹಿಡಿದು ನಿಂತಳು. “ನಾ ಬರಾಕ ಹತ್ತಿದ್ದೆನಲ್ಲಪಾ. ಒಂದ್ ತಾಸು ತಡೀಲಿಲ್ಲಾ?”

ಬಸಪ್ಪ ನನ್ನ ಕಡೆ ನೋಡಲಿಲ್ಲ. “ನಂದ ತಪ್ಪು. ಅವಸರಾ ಮಾಡಿದೆ.”

ನಾನು ಪಕ್ಕದಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ.

ಎರಡು ವಾರಕ್ಕೆ ಶಾಂತಾ ಹೊರಟುಹೋದಳು. ಹೋಗುವಾಗ ಅಪ್ಪನ ಮುಖ ನೋಡಲಿಲ್ಲ. ಮುಂದೊಂದು ದಿನ ಮೆಟ್ಟಿಲ ಮೇಲೆ ಸಿಕ್ಕ ಬಸಪ್ಪ, “ಗೊತ್ತಿದ್ದಷ್ಟು ನೀವು ಹೇಳಿದ್ರಿ, ಬಿಡ್ರಿ,” ಎಂದರು. ಅದು ನಿಜವಲ್ಲ. ಗೊತ್ತಿದ್ದಷ್ಟನ್ನು ನಾನು ಹೇಳಿರಲಿಲ್ಲ.

ಕೇಳಿದವರಿಗೆ ಬೇಗನೆಂದರೆ ಎಷ್ಟು, ತಡವೆಂದರೆ ಎಷ್ಟು ಎಂದು ಎರಡನ್ನೂ ಹೇಳಬೇಕು. ಕಾಯುವುದೋ ಬಿಡುವುದೋ ಅವರಿಗೆ ಬಿಟ್ಟಿದ್ದು. ಈ ಪಾಠ ಕಲಿತು ನಿವೃತ್ತಿಯವರೆಗೆ ಹಾಗೆಯೇ ನಡೆದೆ. ಶಾಂತಾ ಮಾತ್ರ ಆ ಮನೆಗೆ ಮತ್ತೆ ಬರಲಿಲ್ಲ, ತಪ್ಪು ಅಪ್ಪನದೆಂದೇ ನಂಬಿಕೊಂಡು.